ಅಪ್‌ಡೇಟ್: ಕಾರಿನಲ್ಲಿ ನಾಯಿಗೆ ಮನೆಯಲ್ಲೇ ಮಾಡಿದ ತಡೆ

ನಮ್ಮ ಚಿನ್ನಿ ಹಿಂದಿನ ಸೀಟಿನಿಂದ ಗೇರ್ ಮೇಲೆ ಹಾರಿ ಬರುತ್ತಾಳೆ, ಏನು ಮಾಡಲಿ ಅಂತ ಕೇಳಿದ್ದೆ ಅಲ್ವಾ? ತಡೆ ಮಾಡಿಯಾಯಿತು.

ಮುಕ್ಕಾಲು ಇಂಚಿನ ಪಿವಿಸಿ ಪೈಪು, ನಾಲ್ಕು ಎಲ್ಬೋ (ಮೂಲೆಗೆ ಹಾಕುವ ಬಾಗಿದ ಜೋಡಣೆ) ಹಾಕಿ ಚೌಕಟ್ಟು ಮಾಡಿದೆ. ಮೊದಲು ಪಾರಿವಾಳದ ನೆಟ್ ಕಟ್ಟಿದ್ದೆ, ಎರಡೇ ದಿನಕ್ಕೆ ಕಚ್ಚಿ ಹರಿದಳು. ಈಗ ಪ್ಲಾಸ್ಟಿಕ್ ಕೋಟಿಂಗ್ ಇರುವ ತಂತಿ ಜಾಲರಿ ಹಾಕಿದ್ದೇನೆ, ತುದಿಗಳು ಚುಚ್ಚಬಾರದು ಅಂತ ಹಳೆ ಗಾರ್ಡನ್ ಪೈಪನ್ನು ಉದ್ದಕ್ಕೆ ಸೀಳಿ ಅಂಚಿಗೆಲ್ಲ ಸಿಕ್ಕಿಸಿದೆ. ಹೆಡ್‌ರೆಸ್ಟ್ ಕಂಬಿಗೆ ಮಾತ್ರ ಕಟ್ಟಿದರೆ ಸಾಲದು, ಕೆಳಗಿನಿಂದ ನುಸುಳುತ್ತಾಳೆ, ಹಾಗಾಗಿ ಸೀಟಿನ ಕೆಳಗಿನ ಕಬ್ಬಿಣಕ್ಕೂ ಬೆಲ್ಟ್ ಬಿಗಿದೆ. ಬಾಗಿಲಿನ ಪಕ್ಕ ಜಾಗ ಬಿಟ್ಟಿದ್ದೇನೆ, ಸೈಡ್ ಏರ್‌ಬ್ಯಾಗ್‌ಗೆ ಏನೂ ಅಡ್ಡ ಇರಬಾರದು.

ಕಳೆದ ವಾರ ಬೆಂಗಳೂರಿನಿಂದ ಸಕಲೇಶಪುರಕ್ಕೆ ಹೋಗಿ ಬಂದೆವು. ಹಾಸನದವರೆಗೂ ಜಾಲರಿಗೆ ಮೂಗು ಒತ್ತಿಕೊಂಡೇ ಇದ್ದಳು, ಆಮೇಲೆ ಮಲಗಿದಳು. ನನಗೆ ಎಷ್ಟು ನೆಮ್ಮದಿ ಆಯಿತು ಗೊತ್ತಾ!

ಒಂದು ಮಾತು. ಇದು ನಾಯಿ ಮುಂದೆ ಬರದಂತೆ ತಡೆಯುತ್ತದೆ, ಅಷ್ಟೇ. ಜೋರಾಗಿ ಬ್ರೇಕ್ ಹಾಕಿದರೆ 18 ಕೆ.ಜಿ. ನಾಯಿಯ ಏಟನ್ನು ಪಿವಿಸಿ ತಡೆಯಲ್ಲ. ಅದಕ್ಕೇ ಹಾರ್ನೆಸ್ (ಎದೆ ಸುತ್ತ ಕಟ್ಟುವ ಪಟ್ಟಿ) ಹಾಕಿ ಸೀಟ್ ಬೆಲ್ಟ್‌ಗೆ ಸಿಕ್ಕಿಸುತ್ತೇನೆ. ಕತ್ತಿನ ಪಟ್ಟಿಗೆ ಮಾತ್ರ ಯಾವತ್ತೂ ಸಿಕ್ಕಿಸಬೇಡಿ, ಕುತ್ತಿಗೆಗೆ ಪೆಟ್ಟಾಗುತ್ತದೆ.