ಒಂದು ವಾರದ ಅಂತರದಲ್ಲಿ ಹುಟ್ಟಿದವರು

ದೊಡ್ಡಪ್ಪ
(ಹಲವು ಬಾರಿ ಫಾರ್ವರ್ಡ್ ಆಗಿದೆ)
ಮರೆವಿನ ಕಾಯಿಲೆಗೆ ಕೊನೆಗೂ ಮದ್ದು ಸಿಕ್ಕಿತು! ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮಹಾ ಸಂಶೋಧನೆ. ಸರ್ಪಸುತ್ತಿನ ಲಸಿಕೆ ಹಾಕಿಸಿಕೊಂಡರೆ ನೂರರಲ್ಲಿ ಇಪ್ಪತ್ತು ಜನ ಡಿಮೆನ್ಷಿಯಾದಿಂದ ಪಾರು. ನಿಮ್ಮ ಮನೆಯ ಹಿರಿಯರಿಗೆ ಇಂದೇ ಕೊಡಿಸಿ. ಎಲ್ಲರಿಗೂ ತಲುಪಿಸಿ.

ದೊಡ್ಡಪ್ಪ
ಅಮ್ಮನಿಗೆ ನಾಳೆಯೇ ಕೊಡಿಸೋಣ. ಖರ್ಚು ನನ್ನದು. ಯಾರೂ ಅಡ್ಡ ಮಾತನಾಡಬೇಡಿ.

ಭಾವ
ದೊಡ್ಡಮಾವ, ತಪ್ಪು ತಿಳಿಯಬೇಡಿ, ಆದರೆ ಅಡ್ಡ ಮಾತನಾಡಲೇಬೇಕಾಗಿದೆ. ಸರ್ಪಸುತ್ತಿಗೂ ಮರೆವಿಗೂ ಎತ್ತಣಿಂದೆತ್ತ ಸಂಬಂಧ? ಇದು ಲಸಿಕೆ ಮಾರುವವರು ಹಬ್ಬಿಸಿದ ಸುದ್ದಿ. ಹೆದರಿದ ಮನೆಯವರನ್ನು ಹುಡುಕಿಕೊಂಡೇ ಇಂಥವು ಬರುತ್ತವೆ.

ಅತ್ತೆ
ಅಣ್ಣ, ನಿನ್ನೆ ರಾತ್ರಿ ಅಮ್ಮ ಮೂರು ಸಲ ಎದ್ದು ಬಾಗಿಲ ಚಿಲಕ ತೆಗೆದಳು. "ಹೊತ್ತಾಯಿತು, ನನ್ನನ್ನು ಮನೆಗೆ ಬಿಟ್ಟು ಬನ್ನಿ" ಎಂದಳು. ಅವಳು ಐವತ್ತು ವರ್ಷ ಬಾಳಿದ ಮನೆ ಇದು. ಹೀಗಿರುವಾಗ "ಮದ್ದು ಸಿಕ್ಕಿತು" ಎಂಬ ಸಾಲು ಕಂಡರೆ ನನ್ನ ಕೈ ನಡುಗುತ್ತದೆ. ನಿಜವೋ ಸುಳ್ಳೋ, ಯಾರಾದರೂ ನೆಟ್ಟಗೆ ಹೇಳಿ.

ನಾನು
ಅತ್ತೆ, ಆ ಪ್ರಬಂಧವನ್ನು ನಾನು ಪೂರ್ತಿ ಓದಿದ್ದೇನೆ. ಸಂಶೋಧನೆ ನಿಜ. ದೊಡ್ಡಪ್ಪನಿಗೆ ಬಂದ ಸಂದೇಶ ಅದನ್ನು ತಿರುಚಿದೆ. 2025ರ ಏಪ್ರಿಲ್‌ನಲ್ಲಿ ನೇಚರ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾದದ್ದು. ಸ್ಟ್ಯಾನ್‌ಫರ್ಡ್‌ನ ಪಾಸ್ಕಲ್ ಗೆಲ್ಡ್‌ಸೆಟ್ಜರ್ ಅವರ ತಂಡ ಬ್ರಿಟನ್ನಿನ ಭಾಗವಾದ ವೇಲ್ಸ್‌ನ 2,80,000ಕ್ಕೂ ಹೆಚ್ಚು ಹಿರಿಯರ ಆರೋಗ್ಯ ದಾಖಲೆಗಳನ್ನು ನೋಡಿತು. ಆರಂಭದಲ್ಲಿ ಅವರಲ್ಲಿ ಯಾರಿಗೂ ಡಿಮೆನ್ಷಿಯಾ ಇರಲಿಲ್ಲ. ಈ ಮಾತೇ ಸಂದೇಶದಲ್ಲಿಲ್ಲ.

ಭಾವ
ದಾಖಲೆ ನೋಡಿದರೆ ಏನು ಸಾಬೀತಾಗುತ್ತದೆ? ಲಸಿಕೆ ಹಾಕಿಸಿಕೊಳ್ಳಲು ಹೋಗುವವರು ಮೊದಲೇ ಆರೋಗ್ಯದ ಕಾಳಜಿ ಉಳ್ಳವರು. ನಡೆಯುತ್ತಾರೆ, ಹಿತಮಿತವಾಗಿ ಉಣ್ಣುತ್ತಾರೆ, ರಕ್ತದೊತ್ತಡ ನೋಡಿಸಿಕೊಳ್ಳುತ್ತಾರೆ. ಅವರಿಗೆ ಮರೆವು ಕಡಿಮೆ ಬಂದರೆ ಆ ಕೀರ್ತಿ ಲಸಿಕೆಗೆ ಏಕೆ?

ನಾನು
ಭಾವ, ಇದು ಒಳ್ಳೆಯ ಆಕ್ಷೇಪ. ಇಂತಹ ಬಹುಪಾಲು ಅಧ್ಯಯನಗಳು ಎಡವುವುದೇ ಇಲ್ಲಿ. ಇದು ಎಡವಲಿಲ್ಲ ಎಂಬ ಕಾರಣಕ್ಕೇ ನಾನು ಇಷ್ಟು ಬರೆಯುತ್ತಿದ್ದೇನೆ, ತಾಳ್ಮೆಯಿಂದ ಓದಿ.

ವೇಲ್ಸ್‌ನಲ್ಲಿ 2013ರ ಸೆಪ್ಟೆಂಬರ್ 1ರಂದು ಈ ಲಸಿಕೆ ಕೊಡಲು ಆರಂಭಿಸಿದರು. ಲಸಿಕೆ ಸಾಲದಷ್ಟಿತ್ತು, ವಯಸ್ಸಾದಂತೆ ಅದರ ಫಲವೂ ತಗ್ಗುತ್ತದೆ, ಹಾಗಾಗಿ ಒಂದು ಗೆರೆ ಎಳೆದರು. ಅಂದು 79 ವರ್ಷದವರಿಗೆ ಉಂಟು, ಎಂಬತ್ತು ತುಂಬಿದವರಿಗೆ ಎಂದೆಂದಿಗೂ ಇಲ್ಲ. ಅಂದರೆ 1933ರ ಸೆಪ್ಟೆಂಬರ್ 2ರಂದು ಹುಟ್ಟಿದವರಿಗೆ ಲಸಿಕೆಯ ಬಾಗಿಲು ತೆರೆದಿತ್ತು, ಅದಕ್ಕೆ ಒಂದೇ ದಿನ ಮೊದಲು ಹುಟ್ಟಿದವರಿಗೆ ಮುಚ್ಚಿತ್ತು.

ಆ ಗೆರೆಯ ಆಚೀಚೆ ಒಂದು ವಾರದ ಅಂತರದಲ್ಲಿ ಹುಟ್ಟಿದವರನ್ನು ಕಣ್ಣ ಮುಂದೆ ತಂದುಕೊಳ್ಳಿ. ಒಂದು ಕಡೆಯವರು ನಡೆಯುವವರು, ಇನ್ನೊಂದು ಕಡೆಯವರು ಸೋಮಾರಿಗಳು ಎನ್ನಲು ಆಗುತ್ತದೆಯೇ? ಓದು, ಮಧುಮೇಹ, ಹೃದಯದ ಕಾಯಿಲೆ, ಬೇರೆ ಲಸಿಕೆ ಪಡೆದ ಪ್ರಮಾಣ, ಎಲ್ಲವನ್ನೂ ತಾಳೆ ನೋಡಿದ್ದಾರೆ. ವ್ಯತ್ಯಾಸವಿಲ್ಲ. ಬಾಗಿಲು ತೆರೆದವರಲ್ಲಿ ಸುಮಾರು ಅರ್ಧದಷ್ಟು ಜನ ಲಸಿಕೆ ಪಡೆದರು, ಮುಚ್ಚಿದವರಲ್ಲಿ ಹೆಚ್ಚುಕಡಿಮೆ ಯಾರೂ ಇಲ್ಲ. ಏಳು ವರ್ಷ ಕಳೆದ ಮೇಲೆ ಎರಡು ಗುಂಪುಗಳು ಎರಡು ವಿಷಯಗಳಲ್ಲಿ ಬೇರೆಯಾದವು: ಸರ್ಪಸುತ್ತು ಮತ್ತು ಡಿಮೆನ್ಷಿಯಾ. ಯಾರೂ ಆರಿಸಿಕೊಳ್ಳದ ಹುಟ್ಟಿದ ದಿನವೇ ಇಲ್ಲಿ ಪ್ರಯೋಗ ಮಾಡಿದೆ. ಇಷ್ಟು ಚೊಕ್ಕಟವಾದ ಸಂದರ್ಭ ಇಂತಹ ಲೆಕ್ಕ ನೋಡುವ ನನ್ನಂಥವರಿಗೆ ವೃತ್ತಿಜೀವನದಲ್ಲಿ ಒಮ್ಮೆ ಸಿಕ್ಕರೆ ಪುಣ್ಯ.

ದೊಡ್ಡಪ್ಪ
ನಾನು ಹೇಳಿದ್ದೂ ಅದನ್ನೇ ತಾನೆ? ನೂರಕ್ಕೆ ಇಪ್ಪತ್ತು ಜನ ಪಾರು!

ನಾನು
ಅಲ್ಲ ದೊಡ್ಡಪ್ಪ. ಸಂದೇಶ ತಪ್ಪು ಹೇಳುವುದು ಇಲ್ಲೇ. ನೂರು ಜನ ಲಸಿಕೆ ಪಡೆದರೆ ಇಪ್ಪತ್ತು ಜನ ಉಳಿಯುತ್ತಾರೆ ಎಂದಲ್ಲ. ಕಾಯಿಲೆ ಬರಬಹುದಾಗಿದ್ದವರ ಸಂಖ್ಯೆ ಐದನೇ ಒಂದು ಪಾಲು ಕಡಿಮೆಯಾಯಿತು. ಪ್ರಬಂಧವೇ ಕೊಟ್ಟಿರುವ ಲೆಕ್ಕ: ಏಳು ವರ್ಷಗಳಲ್ಲಿ ಲಸಿಕೆ ಪಡೆದ ನೂರು ಜನರಲ್ಲಿ ಮೂರೂವರೆ ಮಂದಿ ಪಾರು. ನನಗೆ ಇದು ಸಣ್ಣ ಸಂಖ್ಯೆಯಲ್ಲ. ಒಂದು ಚುಚ್ಚುಮದ್ದಿನಿಂದ ಅಷ್ಟು ಮನೆಗಳಲ್ಲಿ ರಾತ್ರಿ ಚಿಲಕದ ಸದ್ದು ಕೇಳಿಸದಿದ್ದರೆ ಅದು ದೊಡ್ಡದು. ಆದರೆ ಮೂರೂವರೆಯನ್ನು ಇಪ್ಪತ್ತು ಎಂದು ಹೇಳಬಾರದು.

ಭಾವ
ಒಂದು ದೇಶದ ಒಂದು ಲೆಕ್ಕ. ಕಾಕತಾಳೀಯವೂ ಇರಬಹುದಲ್ಲ?

ನಾನು
ಆಸ್ಟ್ರೇಲಿಯಾದಲ್ಲೂ ಇದೇ ತರಹದ ಗೆರೆ ಇತ್ತು, 1936ರ ನವೆಂಬರ್ 2. ಅಲ್ಲಿಯೂ ಫಲಿತಾಂಶ ಇದೇ ದಿಕ್ಕಿನಲ್ಲಿ ಬಂತು. ಮಾರಾಟದ ಮಾತು ಎತ್ತಿದಿರಿ: ವೇಲ್ಸ್‌ನಲ್ಲಿ ಆಗ ಬಳಸಿದ್ದು ದುರ್ಬಲಗೊಳಿಸಿದ ಜೀವಂತ ವೈರಸ್ಸಿನ ಹಳೆಯ ಲಸಿಕೆ, ಜೋಸ್ಟಾವ್ಯಾಕ್ಸ್. ಅಮೆರಿಕದಲ್ಲಿ ಅದರ ಮಾರಾಟ 2020ರಲ್ಲೇ ನಿಂತಿದೆ. ನಿಂತುಹೋದ ಸರಕಿಗೆ ಯಾರು ಜಾಹೀರಾತು ಕೊಡುತ್ತಾರೆ ಭಾವ?

ಭಾವ
ಸರಿ, ಆ ಮಾತನ್ನು ಹಿಂದಕ್ಕೆ ಪಡೆಯುತ್ತೇನೆ. ಆದರೆ ಸರ್ಪಸುತ್ತು ಚರ್ಮದ್ದು, ಮರೆವು ಮಿದುಳಿನದ್ದು. ಇದಕ್ಕೆ ಉತ್ತರ ಬಂದಿಲ್ಲ.

ನಾನು
ಸರ್ಪಸುತ್ತು ಚರ್ಮದ ಕಾಯಿಲೆಯೇ ಅಲ್ಲ, ನರದ್ದು. ಚಿಕ್ಕಂದಿನಲ್ಲಿ ಚಿಕನ್‌ಪಾಕ್ಸ್ ತಂದ ವೈರಸ್ ವಾಸಿಯಾದ ಮೇಲೂ ದೇಹ ಬಿಟ್ಟು ಹೋಗುವುದಿಲ್ಲ, ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ದಶಕಗಳ ಕಾಲ ಮಲಗಿರುತ್ತದೆ. ಮುಪ್ಪಿನಲ್ಲಿ ರೋಗನಿರೋಧಕ ಶಕ್ತಿ ಕುಗ್ಗಿದಾಗ ಎದ್ದು ಅದೇ ನರದ ಜಾಡು ಹಿಡಿದು ಹೊರಬರುತ್ತದೆ. ಗುಳ್ಳೆಗಳು ದೇಹದ ಒಂದೇ ಮಗ್ಗುಲಲ್ಲಿ ಪಟ್ಟಿಯಂತೆ ಏಳುವುದು ಅದಕ್ಕೇ. ಆ ಏಳುವಿಕೆಯನ್ನು ತಡೆದದ್ದರಿಂದ ಮಿದುಳಿಗೆ ಒಳಿತಾಯಿತೋ, ಲಸಿಕೆ ಒಟ್ಟಾರೆ ರೋಗನಿರೋಧಕ ವ್ಯವಸ್ಥೆಯನ್ನೇ ಚುರುಕುಗೊಳಿಸಿತೋ, ಎರಡೂ ವಾದಗಳಿವೆ, ತೀರ್ಮಾನವಾಗಿಲ್ಲ. ಹೆಂಗಸರಲ್ಲಿ ಫಲ ಗಂಡಸರಿಗಿಂತ ಬಹಳ ಹೆಚ್ಚು ಕಂಡಿರುವುದೂ ಬಿಡಿಸಬೇಕಾದ ಗಂಟೇ.

ಅತ್ತೆ
ಅಮ್ಮನಿಗೆ ಸರ್ಪಸುತ್ತು ಆಗಿತ್ತಲ್ಲ. ಎಡ ಪಕ್ಕೆಲುಬಿನಿಂದ ಬೆನ್ನಿನವರೆಗೆ. ಬಟ್ಟೆಯ ಅಂಚು ತಗುಲಿದರೂ ಚೀರುತ್ತಿದ್ದಳು, ನಾನು ಹೊದಿಕೆಯನ್ನು ಎತ್ತಿ ಹಿಡಿದುಕೊಂಡು ಪಕ್ಕದಲ್ಲಿ ಕುಳಿತಿರುತ್ತಿದ್ದೆ. ಗುಳ್ಳೆ ಒಣಗಿದ ಮೇಲೂ ಆರು ತಿಂಗಳು ಉರಿ ಬಿಡಲಿಲ್ಲ. ಅದಾಗಿ ಎರಡು ವರ್ಷಕ್ಕೆ ಮರೆವು ಶುರುವಾಯಿತು. ಆಗಲೇ ಲಸಿಕೆ ಕೊಡಿಸಿದ್ದರೆ ಇವತ್ತು ನನ್ನ ಹೆಸರು ಹೇಳುತ್ತಿದ್ದಳೇನೋ?

ಅಕ್ಕ
ಅತ್ತೆ, ದಯವಿಟ್ಟು ಹಾಗೆ ಯೋಚಿಸಬೇಡಿ.

ನಾನು
ಅತ್ತೆ, ಈ ಅಧ್ಯಯನದಿಂದ ಆ ಪ್ರಶ್ನೆಗೆ ಉತ್ತರ ತೆಗೆಯಲು ಸಾಧ್ಯವೇ ಇಲ್ಲ. ಲಕ್ಷಾಂತರ ಜನರ ಲೆಕ್ಕ ಒಬ್ಬರ ಕಥೆಯನ್ನು ಹೇಳುವುದಿಲ್ಲ. ಅಲ್ಲಿ ಲಸಿಕೆ ಪಡೆದ ಎಷ್ಟೋ ಜನರಿಗೆ ಡಿಮೆನ್ಷಿಯಾ ಬಂದಿದೆ, ಪಡೆಯದ ಎಷ್ಟೋ ಜನರಿಗೆ ಬಂದಿಲ್ಲ. ಈ ಸಂಬಂಧ ಇದೆ ಎಂದು ಆಗ ಯಾವ ವೈದ್ಯರೂ ನಿಮಗೆ ಹೇಳುವಂತಿರಲಿಲ್ಲ. ಅಜ್ಜಿಯ ಹೊದಿಕೆ ಎತ್ತಿ ಹಿಡಿದ ಕೈ ನಿಮ್ಮದು. ಫಾರ್ವರ್ಡ್ ಮಾಡುವವರ ಮೇಲೆ ನನಗೆ ಸಿಟ್ಟು ಬರುವುದು ಇದಕ್ಕೇ. ಒಂದು ಸುಳ್ಳು ಶೀರ್ಷಿಕೆ ನಿಮ್ಮಂಥವರ ಎದೆಯಲ್ಲಿ ಇಲ್ಲದ ತಪ್ಪನ್ನು ಬಿತ್ತುತ್ತದೆ.

ದೊಡ್ಡಪ್ಪ
ಸಿಟ್ಟು ನನ್ನ ಮೇಲೆ ತಾನೆ, ನೇರವಾಗಿ ಹೇಳು ಮಗಳೇ.

ನಾನು
ಹೌದು ದೊಡ್ಡಪ್ಪ, ಸ್ವಲ್ಪ ನಿಮ್ಮ ಮೇಲೂ. ಕ್ಷಮಿಸಿ. ಈಗಾಗಲೇ ಮರೆವು ಬಂದಿರುವ ಅಜ್ಜಿಗೂ ಈ ಸಂಶೋಧನೆಗೂ ಸಂಬಂಧವಿಲ್ಲ.

ಅಕ್ಕ
ಒಂದು ನಿಮಿಷ. ನೀನೂ ಆತುರಪಡುತ್ತಿದ್ದೀಯ. ಅದೇ ತಂಡದ ಇನ್ನೊಂದು ಪ್ರಬಂಧ 2025ರ ಡಿಸೆಂಬರ್‌ನಲ್ಲಿ ಸೆಲ್ ಪತ್ರಿಕೆಯಲ್ಲಿ ಬಂದಿದೆ. ಲಸಿಕೆ ಆರಂಭವಾದಾಗ ಆಗಲೇ ಡಿಮೆನ್ಷಿಯಾ ಇದ್ದ ಸುಮಾರು ಏಳು ಸಾವಿರ ಜನರನ್ನೂ ಅದರಲ್ಲಿ ನೋಡಿದ್ದಾರೆ. ಒಂಬತ್ತು ವರ್ಷಗಳಲ್ಲಿ ಅವರಲ್ಲಿ ಹೆಚ್ಚುಕಡಿಮೆ ಅರ್ಧ ಜನ ಡಿಮೆನ್ಷಿಯಾದಿಂದಲೇ ತೀರಿಕೊಂಡರು. ಲಸಿಕೆ ಪಡೆದವರಲ್ಲಿ ಆ ಪ್ರಮಾಣ ನೂರಕ್ಕೆ ಮೂವತ್ತರಷ್ಟು. ಸಂಬಂಧವೇ ಇಲ್ಲ ಎಂದು ಹೇಗೆ ಹೇಳುತ್ತೀಯ?

ನಾನು
ನಿನ್ನ ಮಾತು ಸರಿ ಅಕ್ಕ, ನನ್ನದು ತಪ್ಪು. ಅದನ್ನು ಬಿಟ್ಟು ಬರೆದೆ. ಆದರೂ ಒಂದು ಮಾತು: ಅಲ್ಲಿ ಅಳೆದದ್ದು ಡಿಮೆನ್ಷಿಯಾದಿಂದ ಆದ ಸಾವನ್ನು. ಹೋದ ನೆನಪು ಮರಳಿತು ಎಂದು ಆ ಅಂಕಿ ಹೇಳುವುದಿಲ್ಲ. ನಾಳೆ ಅಜ್ಜಿಗೆ ಚುಚ್ಚುಮದ್ದು ಕೊಡಿಸಿ, ನಾಡಿದ್ದು ಅತ್ತೆ ಅವರ ಮುಖ ನೋಡುತ್ತಾ ಕಾಯುವಂತಾಗಬಾರದು.

ದೊಡ್ಡಪ್ಪ
ಹಾಗಾದರೆ ಕೊಡಿಸಬೇಕೋ ಬೇಡವೋ? ಒಂದು ಮಾತಿನಲ್ಲಿ ಹೇಳು.

ನಾನು
ಅದನ್ನು ಅಜ್ಜಿಯ ವೈದ್ಯರು ಹೇಳಬೇಕು. ಈಗ ಹಲವು ದೇಶಗಳಲ್ಲಿ ಕೊಡುವುದು ಶಿಂಗ್ರಿಕ್ಸ್ ಎಂಬ ಹೊಸ ಲಸಿಕೆ, ಅದರಲ್ಲಿ ಜೀವಂತ ವೈರಸ್ ಇಲ್ಲ, ಎರಡು ಡೋಸು. ಸರ್ಪಸುತ್ತನ್ನು ತಡೆಯುವುದರಲ್ಲಿ ಅದು ಹಳೆಯದಕ್ಕಿಂತ ಎಷ್ಟೋ ಮೇಲು. ಮರೆವಿನ ವಿಷಯದಲ್ಲಿ ಆಕ್ಸ್‌ಫರ್ಡ್‌ನವರು 2024ರಲ್ಲಿ ಹೊಸದನ್ನೂ ಹಳೆಯದನ್ನೂ ಹೋಲಿಸಿದ್ದರು. ಹೊಸದನ್ನು ಪಡೆದವರಲ್ಲಿ ಮುಂದೆ ಡಿಮೆನ್ಷಿಯಾ ಬಂದವರಿಗೂ ಅದು ಸರಾಸರಿ 164 ದಿನ ತಡವಾಗಿ ಬಂದಿತ್ತು. ಅಜ್ಜಿ ಅನುಭವಿಸಿದ ಆ ಆರು ತಿಂಗಳ ಉರಿ ಮತ್ತೊಮ್ಮೆ ಬಾರದಂತೆ ಲಸಿಕೆ ಕೇಳುವುದರಲ್ಲಿ ಅರ್ಥವಿದೆ. ಮರೆವಿನ ಆಸೆಗಾಗಿ ಕೇಳಬೇಡಿ.

ಭಾವ
ಚೀಟಿ ಎತ್ತಿ ಅರ್ಧ ಜನರಿಗೆ ಲಸಿಕೆ, ಅರ್ಧ ಜನರಿಗೆ ಬರೀ ಉಪ್ಪುನೀರು ಕೊಟ್ಟು ನೋಡುವವರೆಗೆ ನಾನು ಒಪ್ಪುವುದಿಲ್ಲ.

ನಾನು
ಗೆಲ್ಡ್‌ಸೆಟ್ಜರ್ ಕೂಡ ಅಂತಹ ಪ್ರಯೋಗವೇ ಆಗಬೇಕು ಎನ್ನುತ್ತಾರೆ ಭಾವ, 2025ರಲ್ಲಿ ಅದಕ್ಕೆ ದೇಣಿಗೆ ಹುಡುಕುತ್ತಿದ್ದರು. ಅಷ್ಟರಮಟ್ಟಿಗೆ ನೀವಿಬ್ಬರೂ ಒಂದೇ ಕಡೆ.

ದೊಡ್ಡಪ್ಪ
ನಾನು ಅದನ್ನು ಇನ್ನೂ ಆರು ಗುಂಪುಗಳಿಗೆ ಹಾಕಿದ್ದೇನೆ. ಮೂರೂವರೆಯ ಲೆಕ್ಕ ಬರೆದಿದ್ದೀಯಲ್ಲ, ಅದನ್ನು ಬೇರೆಯಾಗಿ ನಾಲ್ಕು ಸಾಲಿನಲ್ಲಿ ಬರೆದು ಕಳುಹಿಸು. ಅಲ್ಲೆಲ್ಲ ಹಾಕುತ್ತೇನೆ. ನನಗೂ ಎಪ್ಪತ್ತೊಂದಾಯಿತು, ವೈದ್ಯರನ್ನು ಕೇಳುವಾಗ ನನ್ನದನ್ನೂ ಕೇಳುತ್ತೇನೆ.

ಅತ್ತೆ
ಶುಕ್ರವಾರ ಅಮ್ಮನ ತಪಾಸಣೆ ಇದೆ. ಸರ್ಪಸುತ್ತು ಆದ ವರ್ಷ, ಈಗ ನುಂಗುವ ಮಾತ್ರೆಗಳು, ಎಲ್ಲವನ್ನೂ ಚೀಟಿಯಲ್ಲಿ ಬರೆದಿಡುತ್ತೇನೆ. ಅಣ್ಣ, ನೀನೂ ಬಾ. ಗಾಡಿ ಹತ್ತಿಸುವಾಗ ನನ್ನೊಬ್ಬಳ ಮಾತು ಅವಳು ಕೇಳುವುದಿಲ್ಲ.

ದೊಡ್ಡಪ್ಪ
ಬೆಳಿಗ್ಗೆ ಎಂಟಕ್ಕೆ ಅಲ್ಲಿರುತ್ತೇನೆ.