ಸಹಾಯ ಬೇಕು: ಎರೆಮಣ್ಣಿನ ಮೇಲಿನ ಮನೆ, ಪಾಯದಲ್ಲಿ ಬಿರುಕು

ಎಲ್ಲರಿಗೂ ನಮಸ್ಕಾರ. ಗದಗ ಜಿಲ್ಲೆಯಲ್ಲಿ ಅಪ್ಪ 12 ವರ್ಷಗಳ ಹಿಂದೆ ಕಟ್ಟಿಸಿದ ಮನೆ ನಮ್ಮದು. ಅಪ್ಪಟ ಎರೆಭೂಮಿ. ಪಾಯ 4 ಅಡಿ ಆಳ, ಕಲ್ಲಿನದು. ಪ್ಲಿಂತ್ ಬೀಮ್ (ಪಾಯದ ಮೇಲೆ, ಗೋಡೆಗಳ ಕೆಳಗೆ ಹಾಕುವ ಕಾಂಕ್ರೀಟ್ ತೊಲೆ) ಹಾಕಿಲ್ಲ.

ಈಶಾನ್ಯ ಮೂಲೆಯ ಪಾಯದಲ್ಲಿ ಹುಟ್ಟಿದ ಬಿರುಕು ಮೆಟ್ಟಿಲು ಮೆಟ್ಟಿಲಾಗಿ ಏರಿ ಅಡುಗೆಮನೆಯ ಕಿಟಕಿಯನ್ನು ಮುಟ್ಟಿದೆ. ಏಪ್ರಿಲ್‌ನಲ್ಲಿ ನಾಣ್ಯ ತೂರುವಷ್ಟು ಅಗಲವಿತ್ತು. ಮಳೆ ಹಿಡಿದ ಮೇಲೆ ಅರ್ಧ ಮುಚ್ಚಿಕೊಂಡಿತು. ಬಿರುಕು ಇನ್ನೂ ಅಲುಗುತ್ತಿದೆಯೇ ಎಂದು ತಿಳಿಯಲು ಅದಕ್ಕೆ ಅಡ್ಡಲಾಗಿ ಅಂಟಿಸಿದ್ದ ಗಾಜಿನ ಪಟ್ಟಿ ಎರಡೇ ತಿಂಗಳಲ್ಲಿ ಒಡೆಯಿತು. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಾಯಿ ಬಿಡುತ್ತದೆ. ಹೊಲದಲ್ಲಿ ಚಿಕ್ಕಂದಿನಿಂದ ನೋಡಿದ್ದೇನೆ. ಆದರೆ ಒಂದೇ ಮೂಲೆ ಏಕೆ? ಅಲ್ಲಿಂದ 6 ಅಡಿ ದೂರದಲ್ಲಿ ಬೇವಿನ ಮರವಿದೆ, ಬಚ್ಚಲ ನೀರೂ ಅಲ್ಲಿಯೇ ಇಂಗುತ್ತದೆ.

ಸಿಮೆಂಟ್ ತುಂಬಿ ಬಣ್ಣ ಬಳಿದರೆ ಸಾಕು ಎನ್ನುತ್ತಾರೆ ಮೇಸ್ತ್ರಿ. ನನಗೆ ಒಪ್ಪಿಗೆಯಿಲ್ಲ, ಇನ್ನೂ ಅಲುಗುತ್ತಿರುವ ಬಿರುಕಿನಲ್ಲಿ ಸಿಮೆಂಟ್ ನಿಲ್ಲುವುದಿಲ್ಲ.

ಮೊದಲು ಬಚ್ಚಲ ನೀರನ್ನು ದೂರ ಸಾಗಿಸಿ, ಮನೆಯ ಸುತ್ತ ಇಳಿಜಾರಿನ ಕಾಂಕ್ರೀಟ್ ಪಟ್ಟಿ ಹಾಕಿ, ಒಂದು ವರ್ಷ ಕಾದು ನೋಡಬಹುದೇ? ಅಥವಾ ಪಾಯದ ಕೆಳಗೆ ತುಂಡು ತುಂಡಾಗಿ ಅಗೆದು ಕಾಂಕ್ರೀಟ್ ತುಂಬಿಸಲೇಬೇಕೇ? ಮರ ಕಡಿದರೆ ಬೇರು ನೀರು ಹೀರುವುದು ನಿಂತು ಮಣ್ಣು ಮತ್ತೆ ಉಬ್ಬಿ ಇನ್ನಷ್ಟು ಹಾನಿಯಾದೀತೆಂಬ ಭಯವೂ ಇದೆ. ಎರೆಭೂಮಿಯಲ್ಲಿ ಇಂಥ ಮನೆ ಸರಿಪಡಿಸಿದವರು, ಸ್ಟ್ರಕ್ಚರಲ್ ಎಂಜಿನಿಯರ್‌ಗಳು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಅಮ್ಮ ದಿನದ ಬಹುಪಾಲು ಆ ಗೋಡೆಯ ಪಕ್ಕದಲ್ಲಿಯೇ ಇರುತ್ತಾರೆ.