ತೆಂಗಿನಕಾಯಿ ಎದ್ದು ನಿಂತ ಜಾಗ: ದೊಡ್ಡಪ್ಪನಿಗೆ ಹೇಗೆ ಉತ್ತರಿಸಲಿ?

ಶಿರಾ ಸೀಮೆಯವಳು ಕೇಳಿದ ಪ್ರಶ್ನೆ

ಶಿರಾ ತಾಲ್ಲೂಕಿನಲ್ಲಿ ನಮ್ಮದು ನಾಲ್ಕು ಎಕರೆ ತೋಟ. ಎರಡು ಕೊಳವೆಬಾವಿ ಬತ್ತಿವೆ. ಮೂರನೆಯದಕ್ಕಾಗಿ ದೊಡ್ಡಪ್ಪ ನೀರು ನೋಡುವವರನ್ನು ಕರೆಸಿದ್ದರು. ಅವರು ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ತೋಟ ಸುತ್ತಿದರು. ಬೇವಿನ ಮರದ ಹತ್ತಿರ ಕಾಯಿ ಎದ್ದು ನಿಂತಿತು. ಅಲ್ಲಿಗೆ ಕಲ್ಲು ನೆಟ್ಟರು.

ಭೂವಿಜ್ಞಾನಿಯಿಂದಲೂ ಒಮ್ಮೆ ನೋಡಿಸೋಣ ಎಂದೆ. ದೊಡ್ಡಪ್ಪ ಹೇಳಿದ್ದು ಇಷ್ಟು: ಪಕ್ಕದ ಹೊಲದಲ್ಲಿ ಇದೇ ಮನುಷ್ಯ ತೋರಿಸಿದ ಜಾಗದಲ್ಲಿ ಎರಡು ಇಂಚು ನೀರು ಬಿದ್ದಿದೆ. ಊರಿಗೆ ಊರೇ ಅವರನ್ನು ಕರೆಸುತ್ತದೆ. ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂರುವವಳಿಗೆ ಮಣ್ಣಿನ ಸಂಗತಿ ಏನು ಗೊತ್ತು? ನಿನ್ನ ಭೂವಿಜ್ಞಾನಿಗಳು ತೋರಿಸಿದ ಕಡೆ ಬರೀ ಧೂಳು ಎದ್ದದ್ದಿಲ್ಲವೇ?

ಇದು ಇಂಥ ತರ್ಕದೋಷ, ಅದು ಅಂಥದ್ದು ಎಂದು ಒಂದೊಂದಕ್ಕೂ ಹೆಸರು ಹೇಳುತ್ತ ಹೋದೆ. ಅವರು ಅನ್ನ ಕಲಸಿದ ತಟ್ಟೆ ಬಿಟ್ಟು ಎದ್ದರು. ಮುಂದಿನ ವಾರ ಬಾವಿ ಕೊರೆಯುವ ಲಾರಿ ಬರುತ್ತದೆ. ನಾನು ಎಲ್ಲಿ ತಪ್ಪಿದೆ?

ಹಾಸನದ ಓದುಗ

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು, ಅಷ್ಟೇ. 1990ರಲ್ಲಿ ಜರ್ಮನಿಯ ಕಾಸೆಲ್‌ನಲ್ಲಿ ಹೀಗೆ ನೀರು ಪತ್ತೆ ಮಾಡುವ ಸುಮಾರು 30 ಜನರನ್ನು ಪರೀಕ್ಷಿಸಿದ್ದರು. ನೆಲದಡಿ ಹೂತ ಕೊಳವೆಯಲ್ಲಿ ನೀರು ಹರಿಯುತ್ತಿದೆಯೋ ಇಲ್ಲವೋ ಹೇಳಬೇಕಿತ್ತು. ಫಲಿತಾಂಶ ಕಣ್ಣುಮುಚ್ಚಿ ಊಹಿಸಿದ್ದಕ್ಕಿಂತ ಮೇಲೇನೂ ಇರಲಿಲ್ಲ. ಇದನ್ನು ದೊಡ್ಡಪ್ಪನಿಗೆ ತೋರಿಸಿ, ಸಾಕು.

ನಿವೃತ್ತ ವಕೀಲ, ಮಧುಗಿರಿ

ತಂಗಿ, ಜರ್ಮನಿಯ ಕೊಳವೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ನಿಮ್ಮ ದೊಡ್ಡಪ್ಪನ ಕೊನೆಯ ಮಾತನ್ನು ಇನ್ನೊಮ್ಮೆ ಓದಿಕೊಳ್ಳಿ. ನಮ್ಮ ತರ್ಕಶಾಸ್ತ್ರದ ಹಳೆಯ ಗ್ರಂಥವಾದ ಗೌತಮರ ನ್ಯಾಯಸೂತ್ರದಲ್ಲಿ ವಾದಿ ಸೋಲುವ 22 ನಿಗ್ರಹಸ್ಥಾನಗಳನ್ನು ಹೇಳಿದೆ. ಅವುಗಳಲ್ಲಿ ಒಂದು ಮತಾನುಜ್ಞೆ: ತನ್ನ ಪಕ್ಷದ ದೋಷವನ್ನು ಅಲ್ಲಗಳೆಯದೆ, ‘ನಿನ್ನ ಪಕ್ಷದಲ್ಲೂ ಅದೇ ದೋಷವಿದೆ’ ಎನ್ನುವುದು. ‘ನಿನ್ನ ಭೂವಿಜ್ಞಾನಿಗಳೂ ತಪ್ಪುತ್ತಾರೆ’ ಎಂದಾಗ ಕಾಯಿಯೂ ತಪ್ಪುತ್ತದೆ ಎಂದು ಅವರೇ ಒಪ್ಪಿದ ಹಾಗಾಯಿತು. ಮಾತು ಮುಂದುವರಿಯಲು ಅಲ್ಲಿ ಬಾಗಿಲು ತೆರೆದಿತ್ತು. ನೀವು ದೋಷಕ್ಕೆ ಹೆಸರಿಟ್ಟು ಅದನ್ನು ಮುಚ್ಚಿದಿರಿ.

ಅದೇ ಗ್ರಂಥ ತತ್ತ್ವ ತಿಳಿಯುವುದಕ್ಕಾಗಿ ನಡೆಯುವ ಮಾತನ್ನು ವಾದ ಎನ್ನುತ್ತದೆ, ಗೆಲ್ಲುವುದಕ್ಕಾಗಿ ನಡೆಯುವುದನ್ನು ಜಲ್ಪ ಎನ್ನುತ್ತದೆ. ಊಟಕ್ಕೆ ಕುಳಿತ ಹಿರಿಯರ ಎದುರು ನೀವು ಜಲ್ಪಕ್ಕೆ ಇಳಿದಿರಿ. ನನಗೆ ಬೇಸರವಾದದ್ದು ಅದಕ್ಕೆ.

‘ನಿನಗೆ ಮಣ್ಣಿನ ಸಂಗತಿ ಏನು ಗೊತ್ತು’ ಎಂಬುದನ್ನೂ ಬರೀ ವೈಯಕ್ತಿಕ ನಿಂದೆ ಎಂದು ತಳ್ಳಿಹಾಕಬೇಡಿ. ಕೇಳುವವರನ್ನು ಒಪ್ಪಿಸುವ ಮೂರು ಬಲಗಳನ್ನು ಅರಿಸ್ಟಾಟಲ್ ಹೇಳುತ್ತಾನೆ: ಹೇಳುವವನ ಮೇಲಿನ ನಂಬಿಕೆ, ಕೇಳುವವನ ಮನಸ್ಸಿನ ಸ್ಥಿತಿ, ಮತ್ತು ಯುಕ್ತಿ, ಅಂದರೆ ತರ್ಕ. ನೀವು ಮೂರನೆಯದನ್ನು ಮಾತ್ರ ತೆಗೆದುಕೊಂಡು ಹೋಗಿದ್ದಿರಿ. ಎರಡು ಬಾವಿ ಬತ್ತಿದ ಮನುಷ್ಯನ ಮನಸ್ಸು ಹೇಗಿರುತ್ತದೆ?

ಇನ್ನೊಂದು ಎಚ್ಚರ. ವಕೀಲಿಕೆಯ ಆರಂಭದಲ್ಲಿ ನಾನು ಒಂದು ಬದುವಿನ ವ್ಯಾಜ್ಯ ನಡೆಸುತ್ತಿದ್ದೆ. ಎದುರು ಪಕ್ಷದ ಮುದುಕ ಸಾಕ್ಷಿ, ಕತ್ತಾಳೆ ಬೇಲಿ ಹಾಕಿದ ವರ್ಷವನ್ನು ಮೂರು ಸಲ ಮೂರು ಥರ ಹೇಳಿದ. ಅವನ ಮಾತು ಮುರಿದೆ, ಆದ್ದರಿಂದ ಬೇಲಿಯೇ ಇರಲಿಲ್ಲ ಎಂದು ವಾದಿಸಿದೆ. ಕೋರ್ಟ್ ಕಮಿಷನರ್ ಸ್ಥಳಕ್ಕೆ ಹೋಗಿ ಮಣ್ಣು ಕೆದಕಿಸಿದಾಗ ಸಾಲಾಗಿ ಕತ್ತಾಳೆಯ ಬುಡಗಳು ಸಿಕ್ಕವು. ವಾದ ಕೆಟ್ಟದ್ದಾದ ಮಾತ್ರಕ್ಕೆ ಅದರ ಸಿದ್ಧಾಂತ ಸುಳ್ಳಾಗುವುದಿಲ್ಲ. ಬೇವಿನ ಮರದಡಿ ನೀರು ಇದ್ದರೂ ಇರಬಹುದು. ‘ಅಲ್ಲಿ ನೀರಿಲ್ಲ’ ಎಂದು ಮಾತ್ರ ಹೇಳಬೇಡಿ.

ಈಗ ಯುಕ್ತಿಗೆ ಬರೋಣ. ಹೊಗೆಯಿಂದ ಬೆಂಕಿಯನ್ನು ಊಹಿಸಬಹುದು, ಏಕೆಂದರೆ ಬೆಂಕಿಯಿಲ್ಲದ ಕಡೆ ಹೊಗೆ ಏಳುವುದಿಲ್ಲ. ಕಾಯಿ ನಿಂತೂ ನೀರು ಬಾರದ ಜಾಗಗಳಿದ್ದರೆ ಆ ಹೇತು, ಅಂದರೆ ಊಹೆಗೆ ಆಧಾರವಾದ ಗುರುತು, ದಾರಿ ತಪ್ಪಿದ್ದು. ನಮ್ಮವರು ಅದನ್ನು ಸವ್ಯಭಿಚಾರ ಎಂದರು. ಪಕ್ಕದ ಹೊಲದ ಎರಡು ಇಂಚು ನೀರು ಎಲ್ಲರ ಬಾಯಲ್ಲೂ ಇರುತ್ತದೆ. ಖಾಲಿ ಹೋದ ಬಾವಿಯ ಬಾಯಿಗೆ ಕಲ್ಲು ಮುಚ್ಚಿ ಮರೆಯುತ್ತೇವೆ. ಕಾಯಿ ನಿಲ್ಲದ ಜಾಗವನ್ನಂತೂ ಯಾರೂ ಕೊರೆಸುವುದೇ ಇಲ್ಲ. ನಮ್ಮ ಕಡೆ ನೆಲದಡಿ ಇರುವುದು ಗಟ್ಟಿ ಬಂಡೆ, ನೀರು ಅದರ ಬಿರುಕುಗಳಲ್ಲಿ. ಬಿರುಕು ಸಿಕ್ಕರೆ ಯಾರು ತೋರಿಸಿದ ಜಾಗದಲ್ಲೂ ನೀರು ಬರುತ್ತದೆ.

ಆದ್ದರಿಂದ ಲೆಕ್ಕ ಕೇಳಿ. ಉತ್ತರ ನಿಮಗೆ ಗೊತ್ತಿಲ್ಲ, ಅವರಿಗೆ ಗೊತ್ತು ಎಂಬ ಮನಸ್ಸಿನಿಂದಲೇ ಕೇಳಿ. ಅದು ನಿಜವೂ ಹೌದು.

ಶಿರಾ ಸೀಮೆಯವಳು

ಸರ್, ಭಾನುವಾರ ಊರಿಗೆ ಹೋಗಿದ್ದೆ. ಮೊದಲು ಕ್ಷಮೆ ಕೇಳಿದೆ. ಸಂಜೆ ಜಗಲಿಯಲ್ಲಿ ಕುಳಿತಾಗ, ‘ದೊಡ್ಡಪ್ಪ, ಅವರು ನಮ್ಮೂರಲ್ಲಿ ತೋರಿಸಿದ ಜಾಗಗಳು ಒಟ್ಟು ಎಷ್ಟು? ಒಂದೊಂದರ ಕಥೆ ಏನಾಯಿತು?’ ಎಂದೆ. ಅವರು ಬೆರಳು ಮಡಚುತ್ತ ಎಣಿಸಿದರು. ಕೆರೆ ಕೆಳಗಿನವು ಮೂರು, ಮೂರಕ್ಕೂ ನೀರು. ಗುಡ್ಡದ ಕಡೆಯವು ನಾಲ್ಕು. ಅಲ್ಲಿಗೆ ಬಂದಾಗ ನಿಧಾನವಾದರು. ಒಂದಕ್ಕೆ ಬಂದಿದೆ, ಎರಡು ಖಾಲಿ, ಇನ್ನೊಂದು ಆರು ತಿಂಗಳಿಗೆ ನಿಂತಿತು. ಆಮೇಲೆ ತಾವಾಗಿಯೇ, ‘ನಮ್ಮ ತೋಟ ಗುಡ್ಡದ ಕಡೆಯದು’ ಎಂದರು.

ಕಲ್ಲು ಇನ್ನೂ ಅಲ್ಲೇ ಇದೆ. ಲಾರಿಯವರಿಗೆ ಫೋನ್ ಮಾಡಿ ಹದಿನೈದು ದಿನ ಮುಂದಕ್ಕೆ ಹಾಕಿಸಿದ್ದಾರೆ. ಭೂವಿಜ್ಞಾನಿ ಬಂದಾಗ ಬೇವಿನ ಮರದ ಜಾಗವನ್ನೇ ಮೊದಲು ನೋಡಬೇಕಂತೆ. ಆಗಲಿ ಎಂದಿದ್ದೇನೆ.